ಕೂಸಿಗೆ ಮುಂಚೆ ಕುಲಾವಿ

ಬೇರೆ ಉದ್ಯೋಗದ ಜನ ಗಣಪತಿಗೆ ಕೈಮುಗಿದು, ಹಿಡಿದ ಕೆಲಸ ಕೈಗೂಡಲಿ ಎಂದು ಬೇಡಿಕೊಂಡು ದಿನ ಆರಂಭಿಸುತ್ತಾರೆ. ಸಾಫ್ಟ್‌ವೇರ್ ಬರೆಯುವ ನಮ್ಮಲ್ಲಿ ಮಾತ್ರ ಮೊದಲು ಸೋಲಬೇಕು ಎಂಬ ಶಾಸ್ತ್ರವಿದೆ. ಸೋಲು ಕಂಪ್ಯೂಟರ್ ಪರದೆಯ ಮೇಲೆ ಕೆಂಪಗೆ ಕಾಣಬೇಕು. ಕಂಡರೆ ನೆಮ್ಮದಿ, ಕಾಣದಿದ್ದರೆ ಗಾಬರಿ. ಇದಕ್ಕೆ ಟೆಸ್ಟ್ ಡ್ರಿವನ್ ಡೆವಲಪ್‌ಮೆಂಟ್ ಎಂದು ಹೆಸರು. ಅಷ್ಟುದ್ದ ಹೇಳುವ ಪುರುಸೊತ್ತು ಬೆಂಗಳೂರಿನಲ್ಲಿ ಯಾರಿಗೂ ಇಲ್ಲದ್ದರಿಂದ ಟಿಡಿಡಿ ಎನ್ನುತ್ತೇವೆ.

ಪದ್ಧತಿ ಹೇಳುವುದಕ್ಕೆ ಸುಲಭ. ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಬೇಕು ಅನ್ನಿ. ತಕ್ಷಣ ಅದನ್ನು ಬರೆಯಲು ಕೂರಬಾರದು. ಇನ್ನೂ ಹುಟ್ಟಿಲ್ಲದ ಆ ಪ್ರೋಗ್ರಾಂ ಅನ್ನು ಹೆಸರು ಹಿಡಿದು ಕರೆದು, ‘ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಬಂತೇ?’ ಎಂದು ವಿಚಾರಿಸುವ ಟೆಸ್ಟ್ ಬರೆಯಬೇಕು. ಓಡಿಸಿದರೆ ಕೆಂಪು. ಆ ಕೆಂಪು ಹಸಿರಾಗಲು ಎಷ್ಟು ಬೇಕೋ ಅಷ್ಟೇ ಕೋಡ್ ಬರೆಯಬೇಕು, ಒಂದು ಸಾಲೂ ಹೆಚ್ಚಿಗೆ ಬೇಡ. ಹಸಿರಾದ ಮೇಲೆ ಬರೆದದ್ದನ್ನು ಚೊಕ್ಕಟ ಮಾಡಬೇಕು, ಮಾಡುವಾಗ ಹಸಿರು ಕೆಡಬಾರದು. ಆಮೇಲೆ ಮತ್ತೊಂದು ಟೆಸ್ಟ್, ಮತ್ತೆ ಕೆಂಪು. ಬೇಕೆಂದೇ ಸೋಲುವುದೇಕೆ ಎಂದು ಹೊಸಬರು ಕೇಳುತ್ತಾರೆ. ಕೋಡ್ ಇಲ್ಲದಾಗಲೂ ಹಸಿರು ತೋರಿಸುವ ಟೆಸ್ಟ್, ಕೋಡ್ ಬಂದ ಮೇಲೆ ತೋರಿಸುವ ಹಸಿರಿಗೆ ಏನು ಬೆಲೆ? ಒಮ್ಮೆಯಾದರೂ ‘ಇಲ್ಲ’ ಎಂದವನ ‘ಹೌದು’ ಮಾತ್ರ ನಂಬಲರ್ಹ.

ಈ ಶಾಸ್ತ್ರವನ್ನು ಜಗತ್ತಿಗೆ ಸಾರಿದವರು ಅಮೆರಿಕದ ಕೆಂಟ್ ಬೆಕ್. 1990ರ ದಶಕದಲ್ಲಿ ಕ್ರೈಸ್ಲರ್ ಕಾರು ಕಂಪನಿಯ ಸಂಬಳದ ಲೆಕ್ಕದ ಪ್ರಾಜೆಕ್ಟಿನಲ್ಲಿ ತಮ್ಮ ಸಂಗಡಿಗರ ಜೊತೆ ಪಳಗಿಸಿದ ರೀತಿನೀತಿಗಳಲ್ಲಿ ಇದೂ ಒಂದು. 2002ರಲ್ಲಿ ಇದರ ಮೇಲೇ ಒಂದು ಪುಸ್ತಕ ಬಂತು. ಆದರೆ ಅವರು ಇದನ್ನು ತಾವು ಕಂಡುಹಿಡಿದದ್ದೆಂದು ಹೇಳಿಕೊಳ್ಳುವುದಿಲ್ಲ, ಮರಳಿ ಕಂಡುಕೊಂಡೆ ಎನ್ನುತ್ತಾರೆ. ಹುಡುಗನಾಗಿದ್ದಾಗ ಓದಿದ ಹಳೆಯ ಪ್ರೋಗ್ರಾಮಿಂಗ್ ಪುಸ್ತಕವೊಂದರಲ್ಲಿ, ಬರಬೇಕಾದ ಉತ್ತರದ ಟೇಪನ್ನು ಮೊದಲೇ ಕೈಯಾರೆ ತಯಾರಿಸಿಟ್ಟುಕೊಂಡು, ಯಂತ್ರ ಅದೇ ಉತ್ತರ ಕೊಡುವವರೆಗೆ ಪ್ರೋಗ್ರಾಂ ತಿದ್ದುತ್ತಿರಬೇಕು ಎಂದಿತ್ತಂತೆ. 1997ರಲ್ಲಿ ಝೂರಿಕ್‌ನಿಂದ ಅಮೆರಿಕದ ಸಮ್ಮೇಳನವೊಂದಕ್ಕೆ ಹೊರಟ ವಿಮಾನದಲ್ಲಿ ಅವರೂ ಪ್ರೋಗ್ರಾಮರ್ ಎರಿಕ್ ಗಾಮಾ ಅವರೂ ಅಕ್ಕಪಕ್ಕ ಕೂತು ಜೆಯುನಿಟ್ ಎಂಬ ಟೆಸ್ಟಿನ ಉಪಕರಣವನ್ನು ಬರೆದರು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಗತ್ತೆಲ್ಲ ಇಂದಿಗೂ ಅದನ್ನು ಓಡಿಸುತ್ತದೆ. ವಿಮಾನದಲ್ಲಿ ಊಟದ ಟ್ರೇ ಎಲ್ಲಿಯವರೆಗೆ ಬಂತು ಎಂದು ಕತ್ತು ಚಾಚಿ ನೋಡುವುದರಲ್ಲೇ ಖಂಡ ದಾಟಿಬಿಡುವ ನನ್ನಂಥವರಿಗೆ ಇದು ಪುರಾಣದ ಮಾತು.

ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟುವ ಅಜೈಲ್ ಎಂಬ ದೊಡ್ಡ ಮನೆತನಕ್ಕೆ ಟಿಡಿಡಿ ಸೇರಿಕೊಂಡದ್ದೂ ಹೀಗೆ ಬೆಕ್ ಅವರ ಕೈ ಹಿಡಿದೇ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ ಬೆಕ್ ಸೇರಿದಂತೆ 17 ಮಂದಿ ಕೂಡಿ ಅಜೈಲ್ ಪ್ರಣಾಳಿಕೆ ಬರೆದರು. ಅದು ಹಿಮದ ಮೇಲೆ ಜಾರುವ ಆಟಕ್ಕೆ ಹೆಸರಾದ ಜಾಗ. ಅಲ್ಲಿ ಮನುಷ್ಯರು ಜಾರುತ್ತಾರೆ, ಇಲ್ಲಿ ನಮ್ಮಲ್ಲಿ ಡೆಡ್‌ಲೈನ್ ಜಾರುತ್ತದೆ. ಅಜೈಲ್ ತಂಡದವರು ದಿನಾ ಬೆಳಿಗ್ಗೆ ನಿಂತುಕೊಂಡೇ ಹದಿನೈದು ನಿಮಿಷದ ಸ್ಟ್ಯಾಂಡಪ್ ಮೀಟಿಂಗ್ ನಡೆಸಬೇಕು. ಕೂತರೆ ಮಾತು ಬೆಳೆಯುತ್ತದೆ ಎಂಬ ಭಯ. ನಮ್ಮ ತಂಡದ ಅರ್ಧ ಜನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಿಂದ ಫೋನಿನಲ್ಲಿ ಸೇರಿಕೊಳ್ಳುತ್ತಾರೆ. ಅವರೆಲ್ಲ ಕೂತೇ ಇರುತ್ತಾರೆ, ನಿಂತಿರುವುದು ಕ್ಯಾಬ್ ಮಾತ್ರ.

ನಮ್ಮ ತಂಡದಲ್ಲಿ ಟಿಡಿಡಿಯ ಪೀಠಾಧಿಪತಿ ಧಾರವಾಡದ ಮೇಡಂ. ಶಿಷ್ಯ ಹಾಸನದ ಹುಡುಗ. ಒಬ್ಬರು ಟೆಸ್ಟ್ ಬರೆದು ಕೀಬೋರ್ಡ್ ಪಕ್ಕಕ್ಕೆ ತಳ್ಳುವುದು, ಇನ್ನೊಬ್ಬರು ಅದನ್ನು ಹಸಿರು ಮಾಡಿ, ಹೊಸ ಕೆಂಪು ಟೆಸ್ಟ್ ಬರೆದು ವಾಪಸು ತಳ್ಳುವುದು ಎಂಬ ಆಟವನ್ನು ಇಬ್ಬರೂ ಆಡುತ್ತಾರೆ. ಬಂದ ಹೊಸತರಲ್ಲಿ ಮೇಡಂ ಅವನಿಗೆ ಬೆಕ್ ಅವರ ಪುಸ್ತಕದ ಮೊದಲ ಉದಾಹರಣೆ ತೋರಿಸಿದರು. ಐದು ಡಾಲರನ್ನು ಎರಡರಿಂದ ಗುಣಿಸಿದರೆ ಹತ್ತು ಬರಬೇಕು ಎಂಬುದು ಟೆಸ್ಟ್. ಅದನ್ನು ಹಸಿರು ಮಾಡಲು ಬೆಕ್ ಗುಣಾಕಾರ ಬರೆಯುವುದಿಲ್ಲ, ಕೋಡಿನಲ್ಲಿ ನೇರವಾಗಿ ಹತ್ತು ಎಂದೇ ಬರೆದುಬಿಡುತ್ತಾರೆ! ಹುಡುಗ ಕಣ್ಣರಳಿಸಿದ.

“ಮೇಡಂ, ಇದನ್ನೇ ನಾವು ಕಾಲೇಜಲ್ಲಿ ಮಾಡಿದ್ರೆ ಕಾಪಿ ಹೊಡ್ದ ಅಂತ ಆಚೆಗೆ ಕಳಿಸ್ತಿದ್ರು.”

“ಹೌದಪಾ ತಮ್ಮಾ, ಈಗ ಆರನ್ನ ಮೂರರಿಂದ ಗುಣಿಸು ಅಂತ ಇನ್ನೊಂದ ಟೆಸ್ಟ್ ಬರೀತೀನಿ. ಅದಕ್ಕೇನ ಕಾಪಿ ಹೊಡೀತಿ, ನೋಡೋಣಂತ.”

ಗುಟ್ಟು ಇಲ್ಲಿದೆ. ಸುಳ್ಳು ಉತ್ತರ ಒಂದು ಪ್ರಶ್ನೆಗೆ ನಿಲ್ಲುತ್ತದೆ, ಎರಡನೆಯದಕ್ಕೆ ತಡವರಿಸುತ್ತದೆ. ನಿಜವಾದ ಗುಣಾಕಾರ ಬರೆಯದೆ ಗತಿಯಿಲ್ಲ ಎಂಬ ಸ್ಥಿತಿ ಬಂದಾಗ ಮಾತ್ರ ಅದನ್ನು ಬರೆಯುತ್ತಾರೆ. ಬೇಡದ ಕೋಡ್ ಬರೆಯುವ ಚಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ.

ಮ್ಯಾನೇಜರ್ ಸಾಹೇಬರಿಗೆ ಈ ಆಟ ಹಿಡಿಸಲಿಲ್ಲ. ಮುಂದಿನ ಕಂತಿನ ಕೆಲಸ ಗೊತ್ತುಮಾಡುವ ಒಂದು ಸ್ಪ್ರಿಂಟ್ ಪ್ಲಾನಿಂಗ್ ಸಭೆಯಲ್ಲಿ, ಇನ್ನೂ ಒಂದು ಸಾಲು ಕೋಡ್ ಇಲ್ಲದೆ ಟೆಸ್ಟುಗಳ ಪಟ್ಟಿ ಬೆಳೆಯುತ್ತಿರುವುದನ್ನು ಕಂಡು ನಕ್ಕರು: “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋ ಜನ ಕಣಮ್ಮ ನೀವು.”

ಮೇಡಂ ತಲೆ ಎತ್ತದೆ ಹೇಳಿದರು: “ಹೌದ್ರೀ ಸರ. ಹುಟ್ಟಿದ ಮ್ಯಾಲೆ ಅಳತಿ ತಗೊಂಡು ಹೊಲಿಸಿದ ಕುಲಾವಿ ಎಂಥಾ ತಲೀಗೂ ಬರೊಬ್ಬರಿ ಕೂಡತದ.”

ಟಿಡಿಡಿ ಕುರಿತು ನಾನು ಕೇಳಿದ ಭಾಷಣಗಳನ್ನೆಲ್ಲ ಭಟ್ಟಿ ಇಳಿಸಿದರೂ ಇದಕ್ಕಿಂತ ಹೆಚ್ಚು ಸಿಗದು. ಕೋಡ್ ಬರೆದಾದ ಮೇಲೆ ಟೆಸ್ಟ್ ಬರೆಯುವವನು, ಏನು ಬೇಕಾಗಿತ್ತು ಎಂದು ಕೇಳುವುದಿಲ್ಲ, ಏನು ಹುಟ್ಟಿದೆ ಎಂದು ನೋಡಿ ಬರೆದುಕೊಳ್ಳುತ್ತಾನೆ. ನೂರು ರೂಪಾಯಿಯನ್ನು ಮೂವರಿಗೆ ಹಂಚುವ ಕೋಡ್ ತಲೆಗೆ 33.33 ಕೊಟ್ಟಿತು ಅನ್ನಿ. ಆಮೇಲೆ ಟೆಸ್ಟ್ ಬರೆಯುವವನು ಒಟ್ಟು 99.99 ಬಂತೇ ಎಂದು ಕೇಳುತ್ತಾನೆ, ಹಸಿರು ಬೀಳುತ್ತದೆ, ಮನೆಗೆ ಹೋಗುತ್ತಾನೆ. ಮೊದಲೇ ಬರೆಯುವವನು ನೂರು ಹಂಚಿದರೆ ನೂರೇ ಆಗಬೇಕು ಎಂದು ಬರೆದಿರುತ್ತಾನೆ. ಉಳಿದ ಒಂದು ಪೈಸೆ ಯಾರಿಗೆ ಸೇರಬೇಕೆಂಬ ಜಗಳ ಕೋಡಿಗಿಂತ ಮೊದಲೇ ಶುರುವಾಗುತ್ತದೆ. ಜಗಳ ಮೊದಲೇ ಆಗಿಹೋಗುವುದು ಎಷ್ಟು ದೊಡ್ಡ ಪುಣ್ಯ ಎಂಬುದು ಜಂಟಿ ಕುಟುಂಬದಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ.

ನಮ್ಮ ಅತಿ ಭವ್ಯವಾದ ಜಗಳ ನಡೆದದ್ದು ‘ಹೆಸರು’ ಎಂಬ ಒಂದು ಖಾನೆಯ ಮೇಲೆ. ಅಮೆರಿಕದಲ್ಲಿರುವ ಗ್ರಾಹಕರ ಪ್ರತಿನಿಧಿ ಎರಡು ಸಾಲಿನಲ್ಲಿ ಬೇಡಿಕೆ ಮುಗಿಸಿದ್ದರು: ಫಸ್ಟ್ ನೇಮ್, ಲಾಸ್ಟ್ ನೇಮ್, ಎರಡೂ ಕಡ್ಡಾಯ, ತಲಾ ಎರಡಕ್ಷರಕ್ಕೆ ಕಡಿಮೆ ಇರಬಾರದು. ಹಳೆಯ ಪದ್ಧತಿಯಲ್ಲಾಗಿದ್ದರೆ ಅರ್ಧ ದಿನದ ಕೆಲಸ. ಹಾಸನದ ಹುಡುಗ ಮೊದಲು ಟೆಸ್ಟ್ ಬರೆಯಲು ಕೂತ. ಟೆಸ್ಟಿಗೆ ಹೆಸರುಗಳು ಬೇಕಲ್ಲ, ತನ್ನ ಮನೆಯವರದ್ದನ್ನೇ ಹಾಕಿದ. ಅವನ ಅಜ್ಜಿಗೆ ಇರುವುದು ಒಂದೇ ಹೆಸರು, ಹಿಂದೂ ಇಲ್ಲ ಮುಂದೂ ಇಲ್ಲ. ಅಜ್ಜಿ ಕೆಂಪಾದರು. ಅಪ್ಪನಿಗೆ ಎರಡು ಇನಿಶಿಯಲ್, ಊರಿನದೊಂದು, ತಾತನದೊಂದು. ಎರಡೂ ಒಂದೊಂದೇ ಅಕ್ಷರ, ಅವೂ ಮುಂದುಗಡೆ. ಅಪ್ಪನೂ ಕೆಂಪು. ಮೇಡಂ ಮಾತ್ರ ನಿರಾಳವಾಗಿದ್ದರು: “ನಮ್ಮ ಕಡೆ ಅಡ್ಡಹೆಸರಿಗೇನ ಬರ ಇಲ್ಲಪಾ. ಉಳ್ಳಾಗಡ್ಡಿ, ಮೆಣಸಿನಕಾಯಿ, ಇಡೀ ಸಂತೀನ ಅದ.”

ಆಮೇಲೆ ಅಕ್ಷರದ ಲೆಕ್ಕ. ‘ಶ್ರೀ’ ಎಂಬುದು ಅಜ್ಜಿಯ ಪಾಲಿಗೆ ಒಂದಕ್ಷರ. ಯೂನಿಕೋಡ್ ಪ್ರಕಾರ ಅದು ಶ, ಹಲಂತದ ಗುರುತು, ರ, ದೀರ್ಘ ಈಕಾರ ಸೇರಿ ನಾಲ್ಕು. ಎರಡಕ್ಷರ ಇರಲೇಬೇಕು ಎಂಬ ನಿಯಮವನ್ನು ಒಂಟಿ ‘ಶ್ರೀ’ ಧಾರಾಳವಾಗಿ ದಾಟಿತು. ‘ಉಮಾ’ ಎಂಬ ಪುಟ್ಟ ಹೆಸರು ಮೂರಾಯಿತು. ವಿಡಿಯೊ ಕಾಲ್‌ನಲ್ಲಿ ಅಮೆರಿಕದವರಿಗೆ ಇಷ್ಟನ್ನೂ ವಿವರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಹೆಸರು ಅಂದರೆ ಏನು?” ಎಂದು ಕೇಳಿದರು. ಉಪನಿಷತ್ತಿಗೆ ತಕ್ಕ ಈ ಪ್ರಶ್ನೆ ಒಂದು ಸಾಲು ಕೋಡ್ ಹುಟ್ಟುವ ಮೊದಲೇ ಎದ್ದಿತ್ತು. ಕೊನೆಗೆ ಲಾಸ್ಟ್ ನೇಮ್ ಕಡ್ಡಾಯವಲ್ಲ ಎಂದಾಯಿತು. ಅಜ್ಜಿ ಹಸಿರಾದರು.

ಟೆಸ್ಟುಗಳಿಗೂ ಭೂತಬಾಧೆ ಉಂಟು. ಹಗಲೆಲ್ಲ ಹಸಿರಾಗಿರುವ ಒಂದು ಟೆಸ್ಟ್ ನಡುರಾತ್ರಿ ದಾಟಿದ ಮೇಲೆ ಕೆಂಪಾಗುತ್ತಿತ್ತು, ಬೆಳಗಾದರೆ ತಾನಾಗಿ ಸರಿಹೋಗುತ್ತಿತ್ತು. ರಿಲೀಸ್ ಮುನ್ನಾದಿನ ರಾತ್ರಿ ಕೂತವರಿಗೆ ಮಾತ್ರ ಅದರ ದರ್ಶನ. ಅಮಾವಾಸ್ಯೆಯೇ ಎಂದು ಪಂಚಾಂಗ ನೋಡಿದವರೂ ಇದ್ದರು. ಕಾರಣ ಪಂಚಾಂಗದ್ದಲ್ಲ, ಗ್ರೀನಿಚ್‌ನದು. ಭಾರತದ ಗಡಿಯಾರ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದು. ನಮ್ಮಲ್ಲಿ ರಾತ್ರಿ 12ರಿಂದ ಬೆಳಗಿನ 5.30ರವರೆಗೆ ಅಲ್ಲಿ ಇನ್ನೂ ನಿನ್ನೆಯೇ. ಕೋಡ್ ಅಲ್ಲಿಯ ತಾರೀಖು ಹೇಳುತ್ತಿತ್ತು, ಟೆಸ್ಟ್ ಇಲ್ಲಿಯ ತಾರೀಖು ಕೇಳುತ್ತಿತ್ತು. ಕೋಡ್ ತಾನೇ ಹೋಗಿ ಗಡಿಯಾರ ನೋಡಬಾರದು, ಸಮಯವನ್ನು ನಾವು ಅದರ ಕೈಗೆ ಕೊಡಬೇಕು ಎಂದು ಮೇಡಂ ತೀರ್ಪಿತ್ತರು. ಹಾಗೆ ಬದಲಾಯಿಸಿದ ಮೇಲೆ ನಡುಹಗಲಲ್ಲೇ ನಡುರಾತ್ರಿಯನ್ನೂ, ಆಷಾಢದಲ್ಲೇ ಫೆಬ್ರವರಿ 29ನ್ನೂ ಕರೆಸಿ ಪರೀಕ್ಷಿಸುವುದು ಸಾಧ್ಯವಾಯಿತು. ಟೆಸ್ಟ್ ಮೊದಲು ಬರೆಯುವವರು ಪರೀಕ್ಷೆಗೆ ಒಗ್ಗುವಂತೆ ಕೋಡ್ ಕಟ್ಟುತ್ತಾರೆ. ಉಳಿದವರು ಕಟ್ಟಿ ಮುಗಿಸಿ, ಪರೀಕ್ಷೆ ಮಾಡಲು ಬಾಗಿಲು ಎಲ್ಲಿಡಬೇಕಿತ್ತು ಎಂದು ಗೋಡೆ ಸುತ್ತುತ್ತಾರೆ.

ಇಷ್ಟು ಗುಣವಂತ ಪದ್ಧತಿ ಎಲ್ಲ ಕಡೆ ಏಕಿಲ್ಲ? ಐಬಿಎಂನ ಒಂದು, ಮೈಕ್ರೋಸಾಫ್ಟ್‌ನ ಮೂರು ತಂಡಗಳನ್ನು ಗಮನಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಟಿಡಿಡಿ ಅನುಸರಿಸಿದ ತಂಡಗಳ ಕೋಡಿನಲ್ಲಿ ದೋಷಗಳ ಸಾಂದ್ರತೆ, ಅಂಥದೇ ಬೇರೆ ಪ್ರಾಜೆಕ್ಟುಗಳಿಗಿಂತ ಶೇ. 40ರಿಂದ 90ರಷ್ಟು ಕಡಿಮೆಯಿತ್ತು. ಆರಂಭದ ಕೆಲಸಕ್ಕೆ ಮಾತ್ರ ಶೇ. 15ರಿಂದ 35ರಷ್ಟು ಹೆಚ್ಚು ಸಮಯ ಹಿಡಿಯಿತೆಂದು ಅಲ್ಲಿಯ ಮುಖ್ಯಸ್ಥರು ಅಂದಾಜಿಸಿದರು. ಇದನ್ನು ನಾನು ಮ್ಯಾನೇಜರ್ ಸಾಹೇಬರಿಗೆ ಭಕ್ತಿಯಿಂದ ಒಪ್ಪಿಸಿದೆ. ಅವರು ಎರಡನೆಯ ವಾಕ್ಯವನ್ನು ಮಾತ್ರ ಡೈರಿಯಲ್ಲಿ ಬರೆದುಕೊಂಡರು.

2014ರಲ್ಲಿ ರೂಬಿ ಆನ್ ರೈಲ್ಸ್ ಎಂಬ ವೆಬ್ ಚೌಕಟ್ಟಿನ ಖ್ಯಾತಿಯ ಡೇವಿಡ್ ಹೈನೆಮೈಯರ್ ಹ್ಯಾನ್ಸನ್, ಟಿಡಿಡಿ ಸತ್ತಿದೆ ಎಂದು ಘೋಷಿಸಿದರು. ಟೆಸ್ಟ್ ಬೇಡವೆಂದಲ್ಲ, ಮೊದಲು ಟೆಸ್ಟ್ ಎಂಬ ಮಡಿವಂತಿಕೆಯಿಂದ ಕೋಡಿನ ಆಕಾರವೇ ಸೊಟ್ಟಗಾಗುತ್ತಿದೆ ಎಂಬುದು ಅವರ ತಕರಾರು. ಬೆಕ್, ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಮತ್ತು ಅವರು, ಮೂವರೂ ವಿಡಿಯೊ ಸರಣಿಯಲ್ಲಿ ಎದುರುಬದುರಾಗಿ ಸಭ್ಯವಾಗಿ ಚರ್ಚಿಸಿದರು. ನಮ್ಮಲ್ಲಿ ಆ ಸಭ್ಯ ಚರ್ಚೆ ಯಾರೂ ಕೇಳಲಿಲ್ಲ, ಸಾವಿನ ಸುದ್ದಿ ಮಾತ್ರ ಮೇಲ್‌ನಲ್ಲಿ ಎಲ್ಲರಿಗೂ ತಲುಪಿತು. ಒಂದು ದಿನವೂ ಟೆಸ್ಟ್ ಬರೆಯದವರೇ ಅತಿ ಹೆಚ್ಚು ಶೋಕಿಸಿದರು.

ಪಕ್ಕದ ತಂಡದವರದು ಇನ್ನೊಂದು ದಾರಿ. ಕೋಡಿನ ಶೇ. 80 ಭಾಗವನ್ನು ಟೆಸ್ಟುಗಳು ಮುಟ್ಟಿರಬೇಕು ಎಂದು ಮೇಲಿನಿಂದ ಆಜ್ಞೆ ಬಂತು. ಅವರು ವಾರದೊಳಗೆ ಸಾಧಿಸಿಬಿಟ್ಟರು. ಅವರ ಟೆಸ್ಟುಗಳು ಕೋಡನ್ನು ಕರೆಯುತ್ತವೆ, ಓಡಿಸುತ್ತವೆ, ಏನನ್ನೂ ಕೇಳದೆ ಹಿಂದಿರುಗುತ್ತವೆ. ಏನೂ ಕೇಳದಿದ್ದರೆ ತಪ್ಪು ಉತ್ತರ ಬರುವ ಪ್ರಶ್ನೆಯೇ ಇಲ್ಲ. ಅವರ ಡ್ಯಾಶ್‌ಬೋರ್ಡ್ ಮಲೆನಾಡಿನಷ್ಟು ಹಸಿರು. ತ್ರೈಮಾಸಿಕ ಸಭೆಯಲ್ಲಿ ಅವರಿಗೆ ಪ್ರಶಸ್ತಿಫಲಕ ಸಿಕ್ಕಿತು. ಅದೇ ರಾತ್ರಿ ಗ್ರಾಹಕರ ಫೋನೂ ಬಂತು.

ಹಾಗೆ ನೋಡಿದರೆ ಕಂಪ್ಯೂಟರ್ ಜಗತ್ತಿನ ಹೊರಗೂ ನಾವು ಮಾಡುವುದು, ಫಲ ನೋಡಿಕೊಂಡು ಆಮೇಲೆ ಪರೀಕ್ಷೆ ಬರೆಯುವುದನ್ನೇ. ಏಪ್ರಿಲ್‌ನಲ್ಲಿ ಬರೆಯಬೇಕಾದ ವರ್ಷದ ಗುರಿಗಳನ್ನು ಮಾರ್ಚಿನಲ್ಲಿ, ಅಪ್ರೈಸಲ್‌ಗೆ ಮೂರು ದಿನ ಇರುವಾಗ ಭರ್ತಿ ಮಾಡುತ್ತೇವೆ. ಆಗ ಎಲ್ಲ ಗುರಿಗಳೂ ಈಡೇರಿರುತ್ತವೆ. ಯಾವುದು ಆದರೆ ನನ್ನ ಮಾತು ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ ಎಂಬುದನ್ನು ಮೊದಲೇ ಬರೆದುಕೊಡಲು ಮನುಷ್ಯಮಾತ್ರನಿಗೆ ಇಷ್ಟವಿಲ್ಲ. ಟಿಡಿಡಿ ಕಷ್ಟವಾಗುವುದು ಕೋಡಿನ ಕಾರಣಕ್ಕಲ್ಲ, ಈ ಸ್ವಭಾವದ ಕಾರಣಕ್ಕೆ.

ನಾನು ಅಭ್ಯರ್ಥಿಗಳ ಸಂದರ್ಶನಕ್ಕೆ ಕೂತಾಗಲೆಲ್ಲ “ಟಿಡಿಡಿ ಮಾಡ್ತೀರಾ?” ಎಂದು ಕೇಳುತ್ತೇನೆ. ಎಲ್ಲರೂ ಹೌದೆನ್ನುತ್ತಾರೆ. ಈಚೆಗೆ ಶಿವಮೊಗ್ಗದ ಕಡೆಯ ಹುಡುಗಿಯೊಬ್ಬಳು ಹೌದೆಂದು ಹೇಳಿ, ವಿನಯದಿಂದ ಒಂದು ಪ್ರಶ್ನೆ ಹಾಕಿದಳು:

“ಸರ್, ಈ ಕೆಲಸಕ್ಕೆ ಎಂಥವರು ಬೇಕು ಅಂತ ನೀವು ನಾನು ಬರೋ ಮುಂಚೆನೇ ಬರೆದಿಟ್ಟುಕೊಂಡಿರ್ತೀರಲ್ವಾ? ಅದನ್ನೊಂದು ಸಲ ನೋಡಬಹುದಾ?”

ನಾನು ಮೇಡಂ ಮುಖ ನೋಡಿದೆ. ಮೇಡಂ ಮ್ಯಾನೇಜರ್ ಸಾಹೇಬರ ಮುಖ ನೋಡಿದರು. ಸಾಹೇಬರು ಕಾಫಿ ತರಿಸಲು ಎದ್ದರು. ಹುಡುಗಿಯನ್ನು ಆರಿಸಿದ್ದಾಯಿತು. ಯಾವ ಯಾವ ಅರ್ಹತೆ ನೋಡಿ ಆರಿಸಿದೆವು ಎಂಬುದನ್ನು ಆಕೆ ಹೋದ ಮೇಲೆ ಮೂವರೂ ಕೂತು ಫಾರಂನಲ್ಲಿ ಸಾವಕಾಶವಾಗಿ ಭರ್ತಿ ಮಾಡಿದೆವು.