ಕೊನೆಯಂಚಿನ ಗದ್ದೆಗೆ ನೀರು ಬಂತೇ?
(ಟೆಕ್ನೀಷಿಯಂ-99ಎಂ ಜತೆ ಒಂದು ಅವಸರದ ಸಂದರ್ಶನ)

ಬೈಪಾಸ್ ಆದವರ ಹೃದಯ ಎಷ್ಟು ಚೇತರಿಸಿಕೊಂಡಿದೆ ಎಂದು ಒಳಗೇ ಹೋಗಿ ನೋಡಿಬರುವ ವಿಕಿರಣ ವಸ್ತು ಟೆಕ್ನೀಷಿಯಂ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಸೀಸದ ಡಬ್ಬಿಯೊಳಗೆ ಮಾತಿಗೆ ಸಿಕ್ಕಿತು. ಹೊರಗಿನ ಬೆಂಚಿನ ಮೇಲೆ ಹಾಸನ ಜಿಲ್ಲೆಯವರದೇ ಸಾಲು.

ಐದು ನಿಮಿಷ ಬಿಡುವಿದೆಯೇ?

ಕೂತ್ಕೊಳ್ಳಿ, ಸ್ವಲ್ಪ ದೂರದಲ್ಲಿ. ಮಾತು ಮಾತ್ರ ಎಳೀಬೇಡಿ. 6 ಗಂಟೆ ಕಳೆದರೆ ನಾನು ಅರ್ಧ, ಇನ್ನೂ 6 ಗಂಟೆ ಕಳೆದರೆ ಕಾಲು. ಸಿಕ್ಕ ಕುರ್ಚಿಗೆ ಅಂಟಿಕೊಂಡು ಕೂರುವ ಕಾಯಿಲೆ ನನಗಿಲ್ಲ.

ತಮ್ಮ ಮನೆತನ?

ಹೊಳೆನರಸೀಪುರದ ಕಡೆಯವರು ಮನೆತನ ಕೇಳದೆ ಬಿಡಲ್ಲ ಅಂತ ಗೊತ್ತಿತ್ತು! ತಾಯಿ ಮಾಲಿಬ್ಡಿನಂ-99. ಅವಳ ಮೇಲೆ ಉಪ್ಪುನೀರು ಹಾಯಿಸಿ ನನ್ನನ್ನು ಇಳಿಸಿಕೊಳ್ಳುತ್ತಾರೆ. ನಮ್ಮ ಧಾತು ಪತ್ತೆಯಾಗಿದ್ದು 1937ರಲ್ಲಿ, ಇಟಲಿಯಲ್ಲಿ. ಮನುಷ್ಯ ಕೃತಕವಾಗಿ ತಯಾರಿಸಿದ ಮೊದಲ ಧಾತು ನಮ್ಮದೇ. ಆದರೂ ತಾಯಿಯ ಹೆಸರು ಹೇಳಿ ಟಿಕೆಟ್ ಕೇಳಿದವನಲ್ಲ.

ಆಂಜಿಯೋಗ್ರಾಂ ಇರುವಾಗ ನಿಮಗೇನು ಕೆಲಸ?

ಹೇಮಾವತಿ ನೀರು ಕುಡಿದವರು ನೀವು, ನಿಮಗೆ ಬೇಗ ಅರ್ಥವಾಗುತ್ತೆ. ಗೊರೂರಿನಲ್ಲಿ ಅಣೆಕಟ್ಟು ಇದೆ, ನಾಲೆ ಇದೆ, ಬಾಗೂರು-ನವಿಲೆ ಸುರಂಗವೂ ಇದೆ. ಆದರೂ ಚನ್ನರಾಯಪಟ್ಟಣದ ರೈತ ‘ನಮ್ಮ ಕೆರೆಗೆ ನೀರೆಲ್ಲಿ ಸ್ವಾಮಿ’ ಅಂತಾನಲ್ಲ? ಆಂಜಿಯೋಗ್ರಾಂ ತೋರಿಸೋದು ನಾಲೆ. ನಾನು ಗದ್ದೆಗೇ ಇಳಿಯುತ್ತೇನೆ. ರಕ್ತ ಹೋದ ಕಡೆಯೆಲ್ಲ ಹೋಗಿ ಹೃದಯದ ಸ್ನಾಯುವಿನಲ್ಲಿ ಉಳಿಯುತ್ತೇನೆ. ಗಾಮಾ ಕ್ಯಾಮೆರಾ ಎದೆಯ ಸುತ್ತ ತಿರುಗಿ ಚಿತ್ರ ಹಿಡಿಯುತ್ತೆ. ಒಂದು ಚಿತ್ರ ವಿಶ್ರಾಂತಿಯಲ್ಲಿ, ಇನ್ನೊಂದು ಟ್ರೆಡ್‌ಮಿಲ್ ಹತ್ತಿಸಿ ಇಲ್ಲವೇ ಔಷಧಿ ಕೊಟ್ಟು. ದಣಿದಾಗ ಮಾತ್ರ ಮಸುಕಾದ ಜಾಗಕ್ಕೆ ರಕ್ತ ಸಾಲುತ್ತಿಲ್ಲ. ಎರಡರಲ್ಲೂ ಮಸುಕಾಗಿದ್ದರೆ ಹಳೆಯ ಹೃದಯಾಘಾತದ ಕಲೆ ಇರಬಹುದು. ಇಲ್ಲವೇ ಜೀವ ಹಿಡಿದುಕೊಂಡು ಕೆಲಸ ನಿಲ್ಲಿಸಿರುವ ಸ್ನಾಯು. ಅಂಥದ್ದು ಬೈಪಾಸ್ ಆದಮೇಲೂ ಎದ್ದು ದುಡಿಯಲು ತಿಂಗಳುಗಟ್ಟಲೆ ಬೇಕಾಗಬಹುದು.

ಅರಕಲಗೂಡಿನ ಹಿರಿಯರೊಬ್ಬರಿಗೆ ಕಾಫಿ ಬಿಡಿ ಅಂದಿರಂತೆ?

ಅಡಿನೋಸಿನ್ ಕೊಟ್ಟು ಮಾಡುವ ಪರೀಕ್ಷೆಯಾದರೆ ಹಿಂದಿನ ದಿನದಿಂದಲೇ ಕಾಫಿ, ಟೀ ಬಂದ್. ಕೆಫೀನ್ ಇದ್ದರೆ ಆ ಔಷಧಿ ಸರಿಯಾಗಿ ಕೆಲಸ ಮಾಡಲ್ಲ. ನಿಮ್ಮ ಜಿಲ್ಲೆಯವರು ಎದೆ ಸೀಳುತ್ತೇವೆ ಅಂದರೆ ಸಹಿ ಹಾಕ್ತಾರೆ. ಕಾಫಿ ಬಿಡಿ ಅಂದರೆ ಬೇರೆ ಡಾಕ್ಟರನ್ನು ಹುಡುಕ್ತಾರೆ!

ಬಣ್ಣದ ಚಿತ್ರ ನಮ್ಮ ಕೈಗೇ ಕೊಡುತ್ತಾರಲ್ಲ, ನಾವೇ ನೋಡಿಕೊಳ್ಳಬಹುದೇ?

ಅಪಾಯ ಅಲ್ಲೇ ಇರೋದು. ಆಪರೇಷನ್ ಆದಮೇಲೆ ಹೃದಯದ ನಡುಗೋಡೆ ಹಲವರಲ್ಲಿ ವಿಚಿತ್ರವಾಗಿ ಆಡುತ್ತೆ. ರಕ್ತ ಮಾತ್ರ ಸರಿಯಾಗಿಯೇ ಬರುತ್ತಿರುತ್ತೆ. ಬಲ್ಲ ಡಾಕ್ಟರು ಅದನ್ನು ಬದಿಗಿಡುತ್ತಾರೆ. ಊರಲ್ಲಿರೋ ಭಾವಮೈದುನ ವಾಟ್ಸಾಪ್‌ನಲ್ಲಿ ನೋಡಿ ‘ಆಪರೇಷನ್ ಫೇಲ್’ ಅಂತ ತೀರ್ಪು ಕೊಡುತ್ತಾನೆ.

2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಕೇಳಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. ಬೈಪಾಸ್ ಆದವರೂ ವರ್ಷವರ್ಷ ನಿಮ್ಮನ್ನು ಚುಚ್ಚಿಸಿಕೊಳ್ಳಬೇಕೇ?

ಯಾಕ್ರೀ? ನಾನೇನು ಜಾತ್ರೆಯ ಪ್ರಸಾದವೇ? ವಿಕಿರಣ ಕಣ್ರೀ ನಾನು. ಎದೆನೋವು, ಏದುಸಿರು ಮತ್ತೆ ಶುರುವಾದರೆ ಕರೆಯಿರಿ. ಆಪರೇಷನ್‌ನಲ್ಲಿ ಯಾವುದಾದರೂ ನಾಳ ಜೋಡಿಸಲಾಗದೆ ಉಳಿದಿದ್ದರೆ ಕರೆಯಿರಿ. ಚೆನ್ನಾಗಿ ನಡೆದಾಡುವವರ ವಿಷಯದಲ್ಲಿ 5 ವರ್ಷ ಕಳೆದ ಮೇಲೆ ಡಾಕ್ಟರು ಯೋಚಿಸಲಿ. ಯಾಕೆಂದರೆ ಕಾಲಿನಿಂದ ತೆಗೆದು ಹಾಕಿದ ನಾಳಗಳಲ್ಲಿ ಸುಮಾರು ಅರ್ಧದಷ್ಟು 10 ವರ್ಷದೊಳಗೆ ಕಟ್ಟಿಕೊಳ್ಳುತ್ತವೆ. ಎದೆಯೊಳಗಿನ ಅಪಧಮನಿ ಜೋಡಿಸಿದ್ದರೆ ಬಾಳಿಕೆ ಹೆಚ್ಚು. ಹೆದರಿಕೆಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ರಿಪೋರ್ಟ್ ನಾರ್ಮಲ್ ಬಂತೆಂಬ ಖುಷಿಗೆ ಗೇಟಿನ ಹೊರಗೆ ಬೀಡಿ ಹಚ್ಚುವವರಿಗಂತೂ ಮೊದಲೇ ಇಲ್ಲ.

ಇಷ್ಟು ದೂರ ಅಲೆಸುವ ಬದಲು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೇ ಬರಬಾರದೇ?

ಬರ್ತೀನಿ. ಕ್ಯಾಮೆರಾ, ಸೀಸದ ಗೋಡೆ, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಚಿತ್ರ ಓದಬಲ್ಲ ಡಾಕ್ಟರು, ಇಷ್ಟು ಸಿದ್ಧಮಾಡಿ. ಉದ್ಘಾಟನೆಯೊಂದನ್ನು ಕೈಬಿಡಿ. ಹನ್ನೊಂದಕ್ಕೆ ಬರಬೇಕಾದ ಮಂತ್ರಿಗಳು ಸಂಜೆ ಐದಕ್ಕೆ ಬಂದು ರಿಬ್ಬನ್ ಕತ್ತರಿಸುವ ಹೊತ್ತಿಗೆ, ಸನ್ಮಾನದ ಶಾಲು ಹೊದೆಸೋಕೆ ನಾನು ಅರ್ಧವೇ ಉಳಿದಿರ್ತೀನಿ!