ಕಪ್ಪು ಪರದೆಗೆ ಮುನ್ನ ಓದಿ

ಲಿನಕ್ಸ್‌ನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿಗೆ ಮುಖ್ಯವಾಗಿ ಎರಡು ಡ್ರೈವರ್‌ಗಳು. ಒಂದು, ಕಾರ್ಡಿನ ಗುಟ್ಟನ್ನು ಹೊರಗಿನಿಂದಲೇ ಊಹಿಸಿ ಹವ್ಯಾಸಿಗಳು ಬರೆಯತೊಡಗಿದ ನೂವೋ. ಇನ್ನೊಂದು, ಕಂಪನಿಯದೇ. ಎರಡಕ್ಕೂ ಒಟ್ಟಿಗೆ ಬಾಳುವೆ ಆಗದು. ಒಂದನ್ನು ಕಪ್ಪುಪಟ್ಟಿಗೆ ಹಾಕಿಯೇ ಇನ್ನೊಂದನ್ನು ಕರೆಯಬೇಕು.

ಉಬುಂಟುವಿನಲ್ಲಿ ಡ್ರೈವರ್ ಆರಿಸಿ ಗುಂಡಿ ಒತ್ತಿದರೆ ಮುಗಿಯಿತು ಎನ್ನುತ್ತಾರೆ ಬಲ್ಲವರು. ಶಿಕಾರಿಪುರದ ಅಂಜನಾಪುರದಂಥ ಊರಲ್ಲಿ ಇದಕ್ಕೊಂದು ಪೂರ್ವಾಂಗ ವಿಧಿಯುಂಟು: ಹಾಟ್‌ಸ್ಪಾಟ್ ಹಚ್ಚಿದ ಮೊಬೈಲನ್ನು ಕಿಟಕಿಯಲ್ಲಿಟ್ಟು, ನೂರಾರು ಎಂಬಿ ಇಳಿಯುವ ತನಕ ಕರೆಂಟು ಹೋಗದಿರಲೆಂದು ಹರಸಿಕೊಳ್ಳುವುದು. ಕುಮುದ್ವತಿ ನದಿಯ ನೀರು ಅಂಜನಾಪುರ ಜಲಾಶಯವನ್ನು ಇದಕ್ಕಿಂತ ಬೇಗ ತುಂಬೀತು.

ಮುಂದಿನ ಗಂಡಾಂತರ ಸೆಕ್ಯೂರ್ ಬೂಟ್ ಎಂಬ, ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಕಾವಲು. ಅನುಸ್ಥಾಪನೆ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ 'ಎನ್‌ರೋಲ್ ಮೋಕ್' (ಸಹಿಯ ಕೀಲಿಯ ನೋಂದಣಿ) ಆರಿಸಿ ಅದೇ ಪಾಸ್‌ವರ್ಡ್ ಒತ್ತಬೇಕು. ನೀಲಿ ಪರದೆ ಕಾಯುವುದು ಹತ್ತು ಸೆಕೆಂಡು. ಬಳಕೆದಾರ ಅಷ್ಟರಲ್ಲಿ ಚಹಾಕ್ಕೆ ಎದ್ದಿರುತ್ತಾನೆ. ಕೀಲಿ ನೋಂದಾಗದಿದ್ದರೆ, ನಂಬಿಕೆಯ ಸಹಿಯಿಲ್ಲದ ಡ್ರೈವರ್ ಮಾಡ್ಯೂಲನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸ್ತಿಲು ದಾಟಿಸದು. ಪರದೆಯೂ ಕಪ್ಪಾದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಟರ್ಮಿನಲ್ಲಿಗೆ ಹೋಗಿ ಡ್ರೈವರ್ ಕಿತ್ತು ಮತ್ತೆ ಹಾಕುವುದು ರೂಢಿ.

ಕರ್ನಲ್ ಬದಲಾದಾಗಲೆಲ್ಲ ಮಾಡ್ಯೂಲನ್ನೂ ಹೊಸದಾಗಿ ಕಟ್ಟಬೇಕು. ಡಿಕೆಎಂಎಸ್ ಎಂಬ ಸಲಕರಣೆ ಇದ್ದರೆ ತಾನೇ ಕಟ್ಟುತ್ತದೆ, ಮನಸ್ಸಿದ್ದರೆ. ಕಂಪನಿಯ ಅಸಹಕಾರಕ್ಕೆ ಸಿಟ್ಟಾಗಿ 2012ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಫಿನ್‌ಲೆಂಡಿನ ವೇದಿಕೆಯಲ್ಲಿ ಎನ್‌ವಿಡಿಯಾಗೆ ಮಧ್ಯದ ಬೆರಳು ತೋರಿಸಿದ್ದು ಪ್ರಸಿದ್ಧ. 2022ರಲ್ಲಿ ಕಂಪನಿ ಕರ್ನಲ್ ಮಾಡ್ಯೂಲ್‌ಗಳ ಮೂಲಸಂಕೇತ ತೆರೆದಿಟ್ಟಿತು.

ಎಎಂಡಿ, ಇಂಟೆಲ್ ಡ್ರೈವರ್‌ಗಳು ಕರ್ನಲ್ ಒಳಗೇ ಇರುತ್ತವೆ. ಕಾರ್ಡು ಇನ್ನೂ ಕೊಳ್ಳದವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.