ಡ್ರೈವರ್ ಅಳಿಸಿದ ಮಹನೀಯರಿಗೊಂದು ಬಹಿರಂಗ ಪತ್ರ

ಗೆ,
ಮುಖ್ಯಸ್ಥರು,
ಡ್ರೈವರ್ ಮತ್ತು ಡೌನ್‌ಲೋಡ್ ವಿಭಾಗ
(ಕಂಪನಿಯ ಹೆಸರು ಬರೆದಿಲ್ಲ. ಓದುಗರು ತಮ್ಮ ತಮ್ಮ ಲ್ಯಾಪ್‌ಟಾಪಿನ ಮುಚ್ಚಳ ನೋಡಿ ತುಂಬಿಕೊಳ್ಳತಕ್ಕದ್ದು.)

ಮಾನ್ಯರೇ,

ನಾವೆಲ್ಲ ಇಲ್ಲಿ ಕ್ಷೇಮ. ತಾವು ಮಾರಿದ ಹತ್ತು ಇಂಚಿನ ಲ್ಯಾಪ್‌ಟಾಪ್ ಕೂಡ ಕ್ಷೇಮವಾಗಿದೆ. ತಕರಾರು ಇರುವುದು ಅಲ್ಲೇ. 2009ರಲ್ಲಿ ಕೊಂಡದ್ದು. ತಮ್ಮ ಲೆಕ್ಕದ ಪ್ರಕಾರ ಅದು ಎಂದೋ ಕೆಟ್ಟು ಗುಜರಿ ಸೇರಬೇಕಿತ್ತು. ಸೇರಿಲ್ಲ. ಆ ಅವಿಧೇಯತೆಗಾಗಿ ಅದರ ಪರವಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಒಳಗಿರುವುದು ಇಂಟೆಲ್ ಆಟಮ್ ಎನ್270, 1.6 ಗಿಗಾಹರ್ಟ್ಸ್, ರ‍್ಯಾಮ್ 1 ಜಿಬಿ. ಪರದೆಗೆ ಅಡ್ಡಕ್ಕೆ 1024 ಚುಕ್ಕೆ, ಉದ್ದಕ್ಕೆ 600. ಬ್ಯಾಟರಿ ಹೋಗಿದೆ, ಚಾರ್ಜರ್ ಸಿಕ್ಕಿಸಿದರೆ ದಿನವಿಡೀ ಓಡುತ್ತದೆ. ನನ್ನದು ಸಣ್ಣ ಊರಿನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ರಸೀದಿ ಪುಸ್ತಕ, ವೈಕುಂಠ ಸಮಾರಾಧನೆಯ ಕಾರ್ಡು ಇಷ್ಟೇ ವ್ಯವಹಾರ. ಎಲ್ಲವೂ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಿನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದರ ಮುಂದಿನ ಆವೃತ್ತಿ ಬರಲೇ ಇಲ್ಲ. ಅಕ್ಕನ ಮದುವೆಗೆ ಮಾಡಿದ ಫೈಲ್ ತೆರೆದು, ‘ಶ್ರೀ ಕುಲದೇವತಾ ಪ್ರಸನ್ನ’ ಹಾಗೇ ಉಳಿಸಿ, ಹೆಸರು, ಮುಹೂರ್ತ, ಛತ್ರ ಬದಲಿಸಿದರೆ ತಂಗಿಯ ಮದುವೆ ಮುಗಿಯಿತು. ಅದೇ ಫೈಲನ್ನು ಹೊಸ ಕಂಪ್ಯೂಟರಿನ ಹೊಸ ಸಾಫ್ಟ್‌ವೇರಿನಲ್ಲಿ ತೆರೆದರೆ ಕುಲದೇವತೆಯ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಪ್ರಸನ್ನವಾಗುತ್ತದೆ. ಹಾಗಾಗಿ ಹಳೆಯ ವಿಂಡೋಸ್ ಎಕ್ಸ್‌ಪಿ ನನಗೆ ಶೋಕಿಯಲ್ಲ, ದಿನದ ಅನ್ನ.

ಈ ಲ್ಯಾಪ್‌ಟಾಪಿನ ಮೇಲೆ ನನ್ನ ಅಕ್ಕನ ಮಗನ ಕೃಪಾದೃಷ್ಟಿ ಬಿತ್ತು. ಬೆಂಗಳೂರಿನಿಂದ ಹಬ್ಬಕ್ಕೆ ಬಂದವನು, ‘ಮಾಮಾ, ಇನ್ನೂ ಎಕ್ಸ್‌ಪಿ ಇಟ್ಕೊಂಡಿದ್ದೀಯಲ್ಲ, ಸೇಫ್ ಅಲ್ಲ’ ಎಂದು ವಿಂಡೋಸ್ 10 ಹಾಕಿದ. 32 ಬಿಟ್ ವಿಂಡೋಸ್ 10ಕ್ಕೆ 1 ಜಿಬಿ ರ‍್ಯಾಮ್ ಸಾಕು ಎಂದು ಮೈಕ್ರೋಸಾಫ್ಟ್ ಬರೆದೇ ಇದೆ. ಸಾಕು, ಆನ್ ಆಗುವುದಕ್ಕೆ. ಆನ್ ಆದ ಮೇಲೆ ಏನಾದರೂ ಕೆಲಸ ಮಾಡಬೇಕೆಂಬ ಆಸೆ ಬಳಕೆದಾರನದು, ಅದಕ್ಕೆ ಕಂಪನಿ ಜವಾಬ್ದಾರಿಯಲ್ಲ. ಹಾಕುವ ಭರದಲ್ಲಿ ಹುಡುಗ ಎಲ್ಲ ಪಾರ್ಟಿಷನ್ನೂ ಅಳಿಸಿದ್ದ. ತಾವು ಆ ಕಾಲದಲ್ಲಿ ಸಿಡಿ ಕೊಡುವ ಖರ್ಚು ಉಳಿಸಲು ಹಾರ್ಡ್ ಡಿಸ್ಕಿನ ಮೂಲೆಯಲ್ಲೇ ಬಚ್ಚಿಟ್ಟಿದ್ದ ರಿಕವರಿ ಪಾರ್ಟಿಷನ್ ಕೂಡ ಅದರ ಜೊತೆ ಹೋಯಿತು. ಹುಡುಗ ಹಬ್ಬದೂಟ ಮುಗಿಸಿ ಬಸ್ಸು ಹತ್ತಿದ. ನಾನು ಮತ್ತೆ ಎಕ್ಸ್‌ಪಿ ಹಾಕಲು ಕೂತೆ.

ಸಿಡಿ ಡ್ರೈವ್ ಇಲ್ಲದ ಯಂತ್ರಕ್ಕೆ ಸಿಡಿಯಲ್ಲಿ ಬರುವ ವಿಂಡೋಸ್ ಹಾಕುವುದು ಹೇಗೆ ಎಂಬ ಪ್ರಶ್ನೆ ತಮ್ಮ ಕಂಪನಿಯಲ್ಲಿ ಯಾರಿಗಾದರೂ ಹೊಳೆದಿತ್ತೋ ಇಲ್ಲವೋ. ಪೆನ್‌ಡ್ರೈವ್‌ನಿಂದ ಹಾಕಿಸಿಕೊಳ್ಳುವ ಅಭ್ಯಾಸ ಎಕ್ಸ್‌ಪಿಗಿಲ್ಲ, ಅದಕ್ಕೆಂದೇ ಯಾರೋ ಪುಣ್ಯಾತ್ಮರು ಮಾಡಿಟ್ಟ ಉಪಕರಣ ಬೇಕು. ಅದೂ ಆಯಿತು. ನೀಲಿ ಪರದೆ ಬಂದು, ಹೊರಗಿನ ಡ್ರೈವರ್ (ಬಿಡಿಭಾಗವನ್ನು ವಿಂಡೋಸ್ ಗುರುತಿಸಿ ನಡೆಸಲು ಬೇಕಾದ ಪುಟ್ಟ ತಂತ್ರಾಂಶ) ಇದ್ದರೆ ಎಫ್6 ಒತ್ತಿ ಎಂದಿತು. ಒತ್ತಿದರೆ ‘ಎ’ ಡ್ರೈವ್‌ಗೆ ಫ್ಲಾಪಿ ಹಾಕಿ ಎಂದಿತು. ಫ್ಲಾಪಿ! ಲ್ಯಾಪ್‌ಟಾಪನ್ನು ತಿರುಗಿಸಿ ನಾಲ್ಕೂ ಬದಿ ನೋಡಿದೆ, ಗೊತ್ತಿದ್ದರೂ. ಫ್ಲಾಪಿ ಕೊಡದೆ ಮುಂದುವರಿದರೆ ಇನ್ನೊಂದು ನೀಲಿ ಪರದೆ, ಕೊನೆಯಲ್ಲಿ 7ಬಿ ಇರುವ ಉದ್ದದ ಸಂಖ್ಯೆ. ಹಾರ್ಡ್ ಡಿಸ್ಕ್ ಕಣ್ಣಿಗೆ ಬೀಳುತ್ತಿಲ್ಲ ಎಂಬುದನ್ನು ಎಕ್ಸ್‌ಪಿ ಹೇಳುವ ಶೈಲಿ ಅದು. ಬಯೋಸ್‌ಗೆ ಹೋಗಿ ಡಿಸ್ಕಿನ ವಿಧಾನವನ್ನು ಎಎಚ್‌ಸಿಐನಿಂದ ಐಡಿಇಗೆ ಬದಲಿಸಿದ ಮೇಲೆ ಸಮಾಧಾನವಾಯಿತು.

ಆಮೇಲೆ ‘ಇನ್ನು ಸುಮಾರು 39 ನಿಮಿಷ’ ಎಂಬ ಭರವಸೆ. ಎಕ್ಸ್‌ಪಿ ಹಾಕಿಸಿದ ಯಾರನ್ನು ಬೇಕಾದರೂ ಕೇಳಿ, 34ಕ್ಕೆ ಬಂದು ನಿಲ್ಲುತ್ತದೆ. ಒಳಗಿರುವ ಸಾಧನಗಳನ್ನೆಲ್ಲ ಅದು ಗುರುತಿಸುವ ಹೊತ್ತು ಅದು. ನಾನು ಎದ್ದು ಒಂದು ರಸೀದಿ ಪುಸ್ತಕಕ್ಕೆ ಹೊಲಿಗೆ ಹಾಕಿ ಬಂದರೂ 34.

ಪ್ರಾಡಕ್ಟ್ ಕೀ ಅಡಿಭಾಗದ ಸ್ಟಿಕರಿನಲ್ಲಿದೆ. ತೊಡೆಯ ಮೇಲಿಟ್ಟು ಬಳಸುವ ಯಂತ್ರದ ಹೊಟ್ಟೆಗೆ, ಬಿಸಿ ಗಾಳಿ ಬರುವ ಜಾಲರಿಯ ಪಕ್ಕದಲ್ಲಿ, ಕಾಗದದ ಚೀಟಿ ಅಂಟಿಸಿದ ದೂರದೃಷ್ಟಿಗೆ ದೊಡ್ಡ ನಮಸ್ಕಾರ. 25 ಅಕ್ಷರ. ಗೊಂದಲವಾಗದಿರಲೆಂದು ಆ ಕೀಗಳಲ್ಲಿ ಸೊನ್ನೆ, ಓ, ಒಂದು, ಐ ಯಾವುದನ್ನೂ ಬಳಸುವುದಿಲ್ಲ. ಒಳ್ಳೆಯ ಯೋಚನೆ. ಆದರೆ ಇಂಗ್ಲಿಷಿನ ‘ಬಿ’ಯನ್ನೂ 8ನ್ನೂ ಇಬ್ಬರನ್ನೂ ಉಳಿಸಿಕೊಂಡಿದ್ದಾರೆ. ಮಾಸಿದ ಸ್ಟಿಕರಿನಲ್ಲಿ ಅವರಿಬ್ಬರೂ ಒಂದೇ ಮುಖದವರು.

ಅಂತೂ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಬಂತು, ಪಕ್ಕಕ್ಕೆ ಎಳೆದ ಹಾಗೆ ಹಿಗ್ಗಿಕೊಂಡು. ಗ್ರಾಫಿಕ್ಸ್ ಡ್ರೈವರ್ ಇಲ್ಲವಲ್ಲ. ಡಿವೈಸ್ ಮ್ಯಾನೇಜರ್ ತೆರೆದೆ. ವಿಡಿಯೋ ಕಂಟ್ರೋಲರ್, ಈಥರ್‌ನೆಟ್ ಕಂಟ್ರೋಲರ್, ನೆಟ್‌ವರ್ಕ್ ಕಂಟ್ರೋಲರ್, ಕೊನೆಗೆ ‘ಅನ್‌ನೋನ್ ಡಿವೈಸ್’. ಪ್ರತಿಯೊಬ್ಬರ ಹಣೆಗೂ ಹಳದಿ ಗುರುತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವರು ಈಗ ಯಾರೆಂದು ಗೊತ್ತಿಲ್ಲವಂತೆ! ಯಾರೆಂದು ತಿಳಿಯಬೇಕಾದರೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಒಳಗೆ ಡೀಟೇಲ್ಸ್‌ಗೆ ಹೋಗಿ ಸಂಖ್ಯೆ ನೋಡಬೇಕು. ಗ್ರಾಫಿಕ್ಸಿನದು ವೆಂಡರ್ 8086, ಡಿವೈಸ್ 27ಎಇ. ಈ 8086 ಇಂಟೆಲ್‌ನ ಗುರುತು. 1978ರಲ್ಲಿ ಅವರು ತಂದ ಪ್ರೊಸೆಸರಿನ ಹೆಸರೇ ಅದು. ಆರ್‌ಟಿಓ ಕಚೇರಿಯಲ್ಲಿ ದುಡ್ಡು ಕಟ್ಟಿ ಫ್ಯಾನ್ಸಿ ನಂಬರ್ ಹಿಡಿದ ಹಾಗೆ ಹಿಡಿದಿಟ್ಟುಕೊಂಡಿದ್ದಾರೆ. ನಂಬರ್ ಚೆನ್ನಾಗಿದೆ, ಗಾಡಿ ಚಾಲೂ ಮಾಡುವ ಫೈಲು ಮಾತ್ರ ತಮ್ಮ ಹತ್ತಿರ.

ಪರದೆಯ ಎತ್ತರದ ಬಗ್ಗೆಯೂ ಎರಡು ಮಾತು. 600 ಚುಕ್ಕೆಯ ಪರದೆಯ ಮೇಲೆ ಅದಕ್ಕಿಂತ ಎತ್ತರದ ಕಿಟಕಿ ತೆರೆದರೆ ‘ಓಕೆ’ ಬಟನ್ ಕೆಳಗೆ, ಪರದೆಯಾಚೆ, ಮೇಜಿನ ಮರದ ಮೇಲೆಲ್ಲೋ ಇರುತ್ತದೆ. ಕಾಣದ ಓಕೆಯನ್ನು ಒತ್ತುವ ವಿದ್ಯೆ ಹೀಗಿದೆ: ಟ್ಯಾಬ್ ಒತ್ತುತ್ತಾ ಹೋಗಿ, ಈಗ ಅಲ್ಲಿಗೆ ತಲುಪಿರಬಹುದು ಎಂದು ಅಂದಾಜಾದಾಗ ಎಂಟರ್ ಒತ್ತಿ. ತಪ್ಪಿದರೆ ಅದು ‘ಕ್ಯಾನ್ಸಲ್’. ತಿಳಿದವರು ಆಲ್ಟ್ ಜೊತೆ ಸ್ಪೇಸ್ ಒತ್ತಿ, ‘ಮೂವ್’ ಆರಿಸಿ, ಬಾಣದ ಕೀಲಿಯಿಂದ ಕಿಟಕಿಯನ್ನು ಮೇಲಕ್ಕೆ ದೂಡುತ್ತಾರೆ. ಈ ಅಳತೆಯ ಪರದೆ ಆರಿಸಿದವರಿಗೆ ತಾವು ಬಡ್ತಿ ಕೊಟ್ಟಿರಲೇಬೇಕು.

ಈಗ ಮುಖ್ಯ ವಿಷಯ. ವೈಫೈ ಡ್ರೈವರ್ ಇಲ್ಲದೆ ನೆಟ್ ಬರುವುದಿಲ್ಲ. ನೆಟ್ ಇಲ್ಲದೆ ವೈಫೈ ಡ್ರೈವರ್ ಸಿಗುವುದಿಲ್ಲ. ಕೇಬಲ್ ಹಾಕೋಣವೆಂದರೆ ಈಥರ್‌ನೆಟ್ಟಿಗೂ ಹಳದಿ ಗುರುತು. ಹೇಗೋ ನೆಟ್ ಬಂದರೂ ಎಕ್ಸ್‌ಪಿಯ ಜೊತೆ ಬರುವ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಇಂದಿನ ಬಹುಪಾಲು ಜಾಲತಾಣಗಳ ಬೀಗ ತೆರೆಯಲು ಬರುವುದಿಲ್ಲ. ಕೊನೆಗೆ ಮೊಬೈಲಿನಲ್ಲಿ ಡೌನ್‌ಲೋಡ್ ಮಾಡಿ ಓಟಿಜಿ ಪೆನ್‌ಡ್ರೈವ್‌ಗೆ ಹಾಕುವುದೆಂದು ತಮ್ಮ ತಾಣಕ್ಕೆ ಬಂದೆ. ಮಾಡೆಲ್ ನಂಬರ್ ಬರೆದೆ. ಲ್ಯಾಪ್‌ಟಾಪಿನ ಚಿತ್ರ ಬಂತು. ಕೈಪಿಡಿ ಇತ್ತು, ಹದಿನೇಳು ಭಾಷೆಯೋ ಎಷ್ಟೋ. ಡ್ರೈವರ್ ಎಂಬಲ್ಲಿ ಒತ್ತಿದೆ. ‘ಈ ಉತ್ಪನ್ನದ ಬೆಂಬಲ ಅವಧಿ ಮುಗಿದಿದೆ.’ ಕೆಳಗೊಂದು ಚಾಟ್‌ಬಾಟ್ ಹಲ್ಕಿರಿದು, ತಮಗೆ ಹೊಸ ಮಾದರಿಗಳನ್ನು ತೋರಿಸಲೇ ಎಂದು ಕೇಳಿತು. ನನಗೆ ವೈಫೈ ಡ್ರೈವರ್ ಬೇಕಪ್ಪಾ ಎಂದೆ. ಮತ್ತೆ ಹೊಸ ಮಾದರಿಗಳನ್ನೇ ತೋರಿಸಿತು. ಆ ಹೊಸ ಮಾದರಿಗಳ ವೈಫೈ ಚೆನ್ನಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ.

ತಾವು ಬಾಗಿಲು ಹಾಕಿದ ಮೇಲೆ ನಮ್ಮಂಥವರು ಎಲ್ಲಿಗೆ ಹೋಗುತ್ತೇವೆ, ಗೊತ್ತೆ? ಪುಟದ ತುಂಬ ಹಸಿರು ‘ಡೌನ್‌ಲೋಡ್’ ಬಟನ್ನುಗಳಿರುವ ತಾಣಗಳಿಗೆ. ಅವುಗಳಲ್ಲಿ ಬಹುಪಾಲು ಜಾಹೀರಾತು. ಉಳಿದದ್ದರಲ್ಲಿ ‘ಡ್ರೈವರ್ ಅಪ್‌ಡೇಟರ್’ ಎಂಬ ವೈದ್ಯರಿದ್ದಾರೆ. ನಾಡಿ ಹಿಡಿಯುವ ಮುನ್ನವೇ ಹತ್ತಾರು ರೋಗಗಳ ಪಟ್ಟಿ ಕೊಟ್ಟು ಫೀಸು ಕೇಳುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಹಳೆಯ ಫೈಲು ತೆಗೆದಿದ್ದೇವೆ ಎಂದು ತಾವು ಹೇಳುತ್ತೀರಿ. ತಮ್ಮ ತಾಣದಲ್ಲಿ ಸಿಕ್ಕುತ್ತಿದ್ದ ಅಸಲಿ ಫೈಲನ್ನು ಗುರುತು ಪರಿಚಯವಿಲ್ಲದವರ ಕೈಯಿಂದ ತೆಗೆದುಕೊಳ್ಳುವ ಹಾಗೆ ಮಾಡಿದ್ದರಲ್ಲಿ ಯಾರ ಸುರಕ್ಷತೆ ಹೆಚ್ಚಿತೋ ನನಗಿನ್ನೂ ತಿಳಿದಿಲ್ಲ.

ಅಳಿಸುವ ಚಟ ತಮ್ಮೊಬ್ಬರದೇ ಅಲ್ಲ ಎಂಬುದೂ ನಿಜ. 2019ರ ನವೆಂಬರ್‌ನಲ್ಲಿ ಇಂಟೆಲ್ ತನ್ನ ಹಳೆಯ ಬೋರ್ಡುಗಳ ಬಯೋಸ್ ಮತ್ತು ಡ್ರೈವರುಗಳನ್ನು ತಾಣದಿಂದ ತೆಗೆಯಿತು. 2020ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ‘ಶಾ-1’ ಎಂಬ ಹಳೆಯ ಸಹಿ ಹೊತ್ತ ಡೌನ್‌ಲೋಡುಗಳನ್ನೆಲ್ಲ ತೆಗೆಯಿತು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೂ ಅವರಲ್ಲೇ ಉದಾಹರಣೆಯಿದೆ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಮೂರು ವರ್ಷ ಕಳೆದು, 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಜಗತ್ತಿನಾದ್ಯಂತ ಆಸ್ಪತ್ರೆ, ಕಚೇರಿಗಳನ್ನು ಕಾಡಿದಾಗ ಅದೇ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ತೇಪೆ ಬಿಡುಗಡೆ ಮಾಡಿತು. ಅವಧಿ ಮುಗಿದಿದೆ, ಹೊಸದು ಕೊಳ್ಳಿ ಎನ್ನಲಿಲ್ಲ. (ನನ್ನ ಎಕ್ಸ್‌ಪಿ ಈಗ ನೆಟ್ಟಿನ ತಂಟೆಗೇ ಹೋಗುವುದಿಲ್ಲ. ಅಕ್ಕನ ಮಗನಿಗೂ ಇದನ್ನು ತಿಳಿಸಿದ್ದೇನೆ.)

ಆ ಹುಡುಗ ಫೋನಿನಲ್ಲಿ ಇನ್ನೊಂದು ಮಾತು ಹೇಳಿದ: ಲಿನಕ್ಸ್ ಹಾಕು. ಪೆನ್‌ಡ್ರೈವ್‌ನಿಂದಲೇ ಡೆಬಿಯನ್ ಎಂಬ ಲಿನಕ್ಸ್ ಓಡಿಸಿ ನೋಡಿದೆ. ಪರದೆ ಸರಿಯಾದ ಅಳತೆಗೆ ಬಂತು, ವೈಫೈ ಬಂತು, ಸೌಂಡ್ ಬಂತು. ನಾನು ಒಂದು ಡ್ರೈವರನ್ನೂ ಹುಡುಕಿರಲಿಲ್ಲ. ನನ್ನ ಗ್ರಾಫಿಕ್ಸ್ ಚಿಪ್ಪಿಗೆ ಬೇಕಾದ ಕೋಡ್ ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೇ ಇದೆ, ವರ್ಷಗಳಿಂದ ಅದನ್ನು ನೋಡಿಕೊಂಡು ಬಂದವರಿದ್ದಾರೆ. ಡೆಬಿಯನ್‌ನವರು ನನ್ನಿಂದ ಒಂದು ರೂಪಾಯಿಯನ್ನೂ ಪಡೆದಿಲ್ಲ. ಬಿಲ್ ಕೊಟ್ಟು ದುಡ್ಡು ಎಣಿಸಿಕೊಂಡವರು ತಾವು. ಪೇಜ್‌ಮೇಕರ್ ಅಲ್ಲಿ ನನ್ನ ಕೆಲಸಕ್ಕೆ ಒಗ್ಗದ ಕಾರಣ ಎಕ್ಸ್‌ಪಿಗೇ ಮರಳಬೇಕಾಯಿತು, ಇಲ್ಲದಿದ್ದರೆ ಈ ಪತ್ರದ ಅಗತ್ಯವೇ ಬರುತ್ತಿರಲಿಲ್ಲ.

ಡ್ರೈವರುಗಳು ಕಡೆಗೂ ಸಿಕ್ಕವು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರೋ ಈ ಮಾಡೆಲ್ಲಿನ ಮೂಲ ಸಿಡಿಯನ್ನೇ ಜೋಪಾನವಾಗಿ ಏರಿಸಿಟ್ಟಿದ್ದರು. ಮೊದಲು ಚಿಪ್‌ಸೆಟ್, ಆಮೇಲೆ ಗ್ರಾಫಿಕ್ಸ್, ಆಮೇಲೆ ಉಳಿದವು. ಸೌಂಡಿಗೆ ಮೊದಲು ಮೈಕ್ರೋಸಾಫ್ಟಿನ ಯುಎಎ ಬಸ್ ಡ್ರೈವರ್ ಇರಬೇಕು, ಇಲ್ಲದಿದ್ದರೆ ಅದು ಬಾಯಿ ಬಿಡುವುದಿಲ್ಲ. ನಿಗೂಢ ‘ಅನ್‌ನೋನ್ ಡಿವೈಸ್’ ಯಾರೆಂದರೆ ಬೆಳಕು ಹೆಚ್ಚು ಕಡಿಮೆ ಮಾಡುವ ಎಫ್‌ಎನ್ ಕೀಲಿ! ಇನ್ನು ಗಿರಾಕಿಗಳು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಕನ್ನಡ ಒಕ್ಕಣೆ ಡಬ್ಬಿ ಡಬ್ಬಿಯಾಗಿ ಕಾಣುತ್ತಿತ್ತು. ವಿಂಡೋಸ್‌ನೊಳಗೆ ಕನ್ನಡ ಬಂದದ್ದೇ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಆದರೆ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಚೌಕಕ್ಕೆ ಟಿಕ್ ಹಾಕುವವರೆಗೆ ಅದು ಸರಿಯಾಗಿ ಮೂಡುವುದಿಲ್ಲ. ಟಿಕ್ ಹಾಕಿದ ಕೂಡಲೇ ಎಕ್ಸ್‌ಪಿ ಮತ್ತೆ ಸಿಡಿ ಕೇಳಿತು. ಪೆನ್‌ಡ್ರೈವ್‌ನ ಐ386 ಫೋಲ್ಡರ್ ತೋರಿಸಿ ಸುಮ್ಮನಾಗಿಸಿದೆ.

2009ರ ಯಂತ್ರಕ್ಕೆ ಇಷ್ಟು ರಂಪವೇ ಎನ್ನುವಿರಿ. ಆದರೆ 2012ರ ಕ್ಲೋವರ್ ಟ್ರೇಲ್ ಆಟಮ್ ಇದ್ದ ಪುಟ್ಟ ಯಂತ್ರಗಳಿಗೆ 2017ರಲ್ಲೇ ವಿಂಡೋಸ್ 10ರ ಹೊಸ ಆವೃತ್ತಿ ನಿರಾಕರಣೆಯಾಯಿತು. ಕಾರಣ ಹಾರ್ಡ್‌ವೇರ್ ಕೆಟ್ಟದ್ದಲ್ಲ, ಇಂಟೆಲ್ ಅದರ ಬೆಂಬಲ ನಿಲ್ಲಿಸಿತ್ತು. ಆ ಯಂತ್ರಗಳಿಗೆ ಆಗ ಐದೇ ವರ್ಷ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ಟಿಪಿಎಂ 2.0 ಇಲ್ಲ, ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಎಂದು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳದ ಲ್ಯಾಪ್‌ಟಾಪುಗಳೆಲ್ಲ ಇನ್ನು ನನ್ನ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಹಳೆಯ ಡ್ರೈವರ್ ಹುಡುಕುವವರು ನನ್ನಂಥ ಡಿಟಿಪಿಯವರು ಮಾತ್ರ ಎಂದು ತಿಳಿಯಬೇಡಿ.

ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತ್ಯಾಜ್ಯವಾದ ಮೇಲೆ ಅದರ ಹೊಣೆ ತಯಾರಕರದು ಎನ್ನುತ್ತವೆ. ತ್ಯಾಜ್ಯವಾಗದಂತೆ ನೋಡಿಕೊಳ್ಳುವ ಹೊಣೆ ಯಾರದು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಬಿಡಿಭಾಗ, ಕೈಪಿಡಿ, ವಾರಂಟಿಯ ವಿವರ ಗ್ರಾಹಕರಿಗೆ ಸಿಗಲಿ ಎಂಬ ಉದ್ದೇಶ. ಬಿಡಿಭಾಗವೆಂದರೆ ಬ್ಯಾಟರಿ, ಕೀಬೋರ್ಡ್, ಹಿಂಜ್ ಎಂದಷ್ಟೇ ತಾವು ಓದಿಕೊಂಡಿದ್ದೀರಿ. ಅವು ಪೇಟೆಯಲ್ಲಿ ಡೂಪ್ಲಿಕೇಟಾದರೂ ಸಿಗುತ್ತವೆ. ತಾವು ಮಾತ್ರ ಕೊಡಬಲ್ಲ ಬಿಡಿಭಾಗ ಡ್ರೈವರ್. ಈ ಇಡೀ ಯಂತ್ರದ ಡ್ರೈವರುಗಳು ಒಂದು ಸಿಡಿಯಲ್ಲಿ ಹಿಡಿಯುತ್ತವೆ. ತಮ್ಮ ಹೊಸ ಮಾದರಿಯ ಜಾಹೀರಾತಿನ ವಿಡಿಯೋ ಇದಕ್ಕಿಂತ ದೊಡ್ಡದಿರಬಹುದು.

ಆದ್ದರಿಂದ ಕೇಳಿಕೊಳ್ಳುವುದಿಷ್ಟೆ. ಹಳೆಯ ಮಾಡೆಲ್ಲುಗಳಿಗೆ ಹೊಸ ಡ್ರೈವರ್ ಬರೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಇದ್ದದ್ದನ್ನು ಇದ್ದ ಜಾಗದಲ್ಲಿ ಬಿಡಿ. ‘ಇದಕ್ಕೆ ಬೆಂಬಲವಿಲ್ಲ, ಸ್ವಂತ ಜವಾಬ್ದಾರಿಯಲ್ಲಿ ಹಾಕಿಕೊಳ್ಳಿ’ ಎಂದು ಕೆಂಪು ಅಕ್ಷರದಲ್ಲಿ ಬರೆದು ಬೇಕಾದರೂ ಬಿಡಿ. ಈಗಾಗಲೇ ತೆಗೆದದ್ದನ್ನು ಮರಳಿ ಹಾಕಿ. ಜಾಗದ ಕೊರತೆ ಇದ್ದರೆ ತಿಳಿಸಿ, ನನ್ನ ಲ್ಯಾಪ್‌ಟಾಪಿನ 160 ಜಿಬಿ ಡಿಸ್ಕಿನಲ್ಲಿ ಇನ್ನೂ ಬೇಕಾದಷ್ಟು ಜಾಗ ಉಳಿದಿದೆ.

ಇಂತಿ,
ತಮ್ಮ ಬೆಂಬಲ ಅವಧಿ ಮುಗಿದ ಗ್ರಾಹಕ

ತಾ.ಕ.: ಇದು ಓದುಗರಿಗೆ. ಹಳೆಯ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಸುವ ಮುನ್ನ, ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್32 ಒಳಗಿರುವ ‘ಡ್ರೈವರ್‌ಸ್ಟೋರ್’ ಎಂಬ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ವಿಂಡೋಸ್ 7 ಮತ್ತು ಅದರ ನಂತರದವುಗಳಲ್ಲಿ ಈಗ ಓಡುತ್ತಿರುವ ಡ್ರೈವರುಗಳೆಲ್ಲ ಅಲ್ಲಿರುತ್ತವೆ. ಹಬ್ಬಕ್ಕೆ ಬಂದ ಹುಡುಗರ ಕೈಗೆ ಯಂತ್ರ ಕೊಡುವುದು ಅದರ ನಂತರ.